ಹೆಸರಿನ ಪಟ್ಟಿಯಿಂದ ರಂಗಕ್ಕೆ ಬಂದವರು

ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದ ಕರಾವಳಿಗೆ ಅಂಟಿಕೊಂಡಂತೆ ರೋನೋಕ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಹೇಳಿಕೊಳ್ಳುವಂಥ ಊರುಗಳು ಎರಡೇ. ಒಂದು ಮ್ಯಾಂಟಿಯೊ, ಎರಡು ಸಾವಿರ ಜನರೂ ಇಲ್ಲದ ಪಟ್ಟಣ. ಇನ್ನೊಂದು ವಾಂಚೀಸ್, ಮೀನುಗಾರರ ಹಳ್ಳಿ. ಎರಡೂ ಮೂಲನಿವಾಸಿ ಗಂಡಸರಿಬ್ಬರ ಹೆಸರುಗಳು. 1584ರಲ್ಲಿ ಇಂಗ್ಲಿಷ್ ಹಡಗೊಂದು ಇವರಿಬ್ಬರನ್ನೂ ಲಂಡನ್ನಿಗೆ ಕರೆದೊಯ್ದಿತ್ತು. ಮರಳಿ ಬಂದ ಮೇಲೆ ಮ್ಯಾಂಟಿಯೊ ಇಂಗ್ಲಿಷರ ಗೆಳೆಯನಾಗಿ ಉಳಿದ, ವಾಂಚೀಸ್ ವೈರಿಯಾದ. ಈಗ ಪ್ರತಿ ಬೇಸಿಗೆಯಲ್ಲಿ ಇಬ್ಬರೂ ಅದೇ ದ್ವೀಪದ ಬಯಲು ರಂಗದಲ್ಲಿ ರಾತ್ರಿ ರಾತ್ರಿ ಎದುರುಬದುರಾಗುತ್ತಾರೆ.

ಆ ನಾಟಕದ ಹೆಸರು ‘ದಿ ಲಾಸ್ಟ್ ಕಾಲನಿ’, ಅಂದರೆ ಕಾಣೆಯಾದ ವಸಾಹತು. ಹಾಡು, ಕುಣಿತ, ಮೇಳ, ಮಾತು ಎಲ್ಲ ಬೆರೆತ ಐತಿಹಾಸಿಕ ಸಂಗೀತ ನಾಟಕ. ಮೊದಲ ಪ್ರಯೋಗ 1937ರ ಜುಲೈ 4ರಂದು. ಮಹಾಯುದ್ಧ ಮತ್ತು ಕೋವಿಡ್ ಕಾಲದಲ್ಲಿ ನಿಂತದ್ದು ಬಿಟ್ಟರೆ ಇಂದಿಗೂ ನಡೆದುಬಂದಿದೆ. ಸಣ್ಣ ಊರೊಂದು ತನ್ನ ಚರಿತ್ರೆಯನ್ನು ತಾನೇ ಆಡುವಾಗ ಪಾತ್ರಗಳು ಎಲ್ಲಿಂದ ಬರುತ್ತವೆ, ಯಾವ ಪಾತ್ರ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಡೆದದ್ದು ಏನು?

1587ರಲ್ಲಿ ಸರ್ ವಾಲ್ಟರ್ ರಾಲಿ ಕಳಿಸಿದ ಸುಮಾರು 115 ಮಂದಿ ಇಂಗ್ಲಿಷರು ಈ ದ್ವೀಪದಲ್ಲಿ ಇಳಿದರು. ಮೊದಲು ಬಂದು ಹೋಗಿದ್ದ ಇಂಗ್ಲಿಷ್ ತುಕಡಿಯಂತೆ ಇವರು ಬರಿಯ ಸಿಪಾಯಿಗಳಲ್ಲ, ಸಂಸಾರವಂದಿಗರು. 17 ಮಂದಿ ಹೆಂಗಸರಿದ್ದರು, ಮಕ್ಕಳೂ ಇದ್ದರು. ಅವರ ಗವರ್ನರ್ ಜಾನ್ ವೈಟ್ ಕೈ ಪಳಗಿದ ಚಿತ್ರಕಾರ. ಆಗಸ್ಟ್ 18ರಂದು ಅವನ ಮಗಳು ಎಲೆನಾರ್ ಡೇರ್ ಹೆಣ್ಣುಮಗುವನ್ನು ಹೆತ್ತಳು. ಮಗುವಿಗೆ ವರ್ಜೀನಿಯಾ ಎಂದು ಹೆಸರಿಟ್ಟರು. ಅಮೆರಿಕದಲ್ಲಿ ಇಂಗ್ಲಿಷ್ ತಂದೆತಾಯಿಗೆ ಹುಟ್ಟಿದ ಮೊದಲ ಕೂಸು ಅದು. ಒಂಬತ್ತು ದಿನ ಕಳೆಯುತ್ತಲೇ ಅಜ್ಜ ದಿನಸಿ, ಸಾಮಾನು ತರಲು ಇಂಗ್ಲೆಂಡಿನ ಕಡೆ ಹಡಗು ಹತ್ತಿದ.

ಅಷ್ಟರಲ್ಲಿ ಸ್ಪೇನಿನ ಜೊತೆ ಯುದ್ಧ ಬಿಗಡಾಯಿಸಿತ್ತು. ಹಡಗುಗಳೆಲ್ಲ ದೇಶದ ಕಾವಲಿಗೆ ಬೇಕಾದವು. ವೈಟ್ ಮರಳಿ ಬರುವ ಹೊತ್ತಿಗೆ 1590ರ ಆಗಸ್ಟ್ 18, ಮೊಮ್ಮಗಳು ಮೂರು ತುಂಬಬೇಕಿದ್ದ ದಿನ. ವಸತಿ ಖಾಲಿಯಾಗಿತ್ತು. ಅವನು ಹೂತಿಟ್ಟು ಹೋಗಿದ್ದ ಪೆಟ್ಟಿಗೆಗಳನ್ನು ಯಾರೋ ಅಗೆದು ತೆಗೆದಿದ್ದರು. ಪುಸ್ತಕಗಳು ಹರಿದಿದ್ದವು, ಕವಚ ತುಕ್ಕು ಹಿಡಿದಿತ್ತು. ಕೋಟೆಯ ಕಂಬವೊಂದರ ಮೇಲೆ ‘ಕ್ರೊಯಟೋನ್’ ಎಂಬ ಒಂದೇ ಪದ ಕೆತ್ತಿತ್ತು. ಅದು ದಕ್ಷಿಣಕ್ಕಿದ್ದ ದ್ವೀಪದ ಹೆಸರು, ಮ್ಯಾಂಟಿಯೊನ ಜನರ ಹೆಸರು. ಅಪಾಯ ಒದಗಿ ಹೊರಟರೆ ಶಿಲುಬೆಯ ಗುರುತನ್ನೂ ಕೆತ್ತಬೇಕೆಂದು ಮಾತಾಗಿತ್ತು. ಶಿಲುಬೆ ಕಾಣಲಿಲ್ಲ. ಜನರೂ ಮತ್ತೆ ಸಿಗಲಿಲ್ಲ.

ನಾಟಕಕಾರನ ಪಾಲಿಗೆ ಉಳಿದದ್ದು ಇಷ್ಟೇ: ವೈಟ್ ಬರೆದ ವರದಿಗಳು, ಅವನು ಬಿಡಿಸಿದ ಜಲವರ್ಣ ಚಿತ್ರಗಳು, ಮತ್ತು ಹೋದವರ ಹೆಸರಿನ ಒಂದು ಪಟ್ಟಿ.

ಊರಿಗೆ ನಾಟಕ ಬಂದ ಬಗೆ

ಮೊದಲ ಕಿಡಿ ಹೊತ್ತಿಸಿದವರು ಪಕ್ಕದ ಎಲಿಜಬೆತ್ ಸಿಟಿಯ ಪತ್ರಿಕಾ ಸಂಪಾದಕ ಡಬ್ಲ್ಯು. ಓ. ಸಾಂಡರ್ಸ್. ಅವರು ಜರ್ಮನಿಯ ಓಬರಾಮರ್ಗಾವ್ ಎಂಬ ಹಳ್ಳಿಯಲ್ಲಿ ಏಸುವಿನ ಕಡೆಯ ದಿನಗಳ ನಾಟಕ ನೋಡಿ ಬಂದಿದ್ದರು. 1634ರಿಂದ ನಡೆದುಬಂದಿರುವ ಆ ಆಟದಲ್ಲಿ ಪಾತ್ರ ಬೇಕೆಂದರೆ ಆ ಊರಲ್ಲೇ ಹುಟ್ಟಿರಬೇಕು, ಇಲ್ಲವೆ ಇಪ್ಪತ್ತು ವರ್ಷ ಅಲ್ಲಿ ಬಾಳಿರಬೇಕು. ನಮ್ಮ ದ್ವೀಪಕ್ಕೂ ಇಂಥದ್ದೊಂದು ಯಾಕಿರಬಾರದು ಎಂದು ಸಾಂಡರ್ಸ್ ಕೇಳಿದರು. ವರ್ಜೀನಿಯಾ ಹುಟ್ಟಿ 350 ವರ್ಷ ತುಂಬುವುದೂ ಹತ್ತಿರ ಬಂದಿತ್ತು.

ಬರೆಯುವ ಹೊಣೆ ಬಿದ್ದದ್ದು ಅದೇ ರಾಜ್ಯದ ನಾಟಕಕಾರ ಪಾಲ್ ಗ್ರೀನ್ ಮೇಲೆ. 1927ರಲ್ಲಿ ಪುಲಿಟ್ಜರ್ ಪಡೆದಿದ್ದ ಗ್ರೀನ್ ಈ ಬಗೆಯ ಆಟಕ್ಕೆ ‘ಸಿಂಫೋನಿಕ್ ಡ್ರಾಮಾ’ ಎಂದು ಹೆಸರಿಟ್ಟರು. ಮಾತು, ಹಾಡು, ಕುಣಿತ, ಮೂಕಾಭಿನಯ, ಬೆಳಕು ಎಲ್ಲವೂ ವಾದ್ಯಮೇಳದಂತೆ ಒಂದಾಗಿ ನುಡಿಯಬೇಕೆಂಬುದು ಅವರ ಲೆಕ್ಕ. ಕಂಪನಿ ನಾಟಕ ಕಂಡ ಕನ್ನಡಿಗರಿಗೆ ಇದರಲ್ಲಿ ಹೊಸದೇನೂ ಕಾಣದು. ಅಮೆರಿಕದ ಮಟ್ಟಿಗೆ ಅದು ಹೊಸ ದಾರಿ.

ಅದು ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದ ಕಲಾವಿದರಿಗಾಗಿ ಸರ್ಕಾರ ನಡೆಸುತ್ತಿದ್ದ ಫೆಡರಲ್ ಥಿಯೇಟರ್ ಯೋಜನೆ ವೃತ್ತಿನಟರನ್ನು ಒದಗಿಸಿತು. ಉದ್ಯೋಗ ಯೋಜನೆಯಡಿ ಅರಣ್ಯ ಮತ್ತು ಮಣ್ಣಿನ ಕೆಲಸಕ್ಕೆ ಬಂದಿದ್ದ ಹುಡುಗರು ಸಂಜೆಗೆ ಬಣ್ಣ ಹಚ್ಚಿಕೊಂಡು ಸಿಪಾಯಿಗಳಾದರು, ಮೂಲನಿವಾಸಿಗಳಾದರು. ದ್ವೀಪದ ಗಂಡಸರು, ಹೆಂಗಸರು, ಮಕ್ಕಳು ವಲಸಿಗರ ವೇಷ ತೊಟ್ಟರು. ಆ ವರ್ಷ ಆಗಸ್ಟ್ 18ರಂದು ಅಧ್ಯಕ್ಷ ರೂಸ್‌ವೆಲ್ಟ್ ಖುದ್ದಾಗಿ ಬಂದು ಆಟ ನೋಡಿದರು. ಒಂದೇ ಬೇಸಿಗೆಗೆಂದು ಶುರುವಾದದ್ದು ಊರಿನ ವಾಡಿಕೆಯಾಯಿತು.

ಪಟ್ಟಿಯೊಳಗಿನ ಹೆಸರಿಗೆ ಜೀವ

ಪಟ್ಟಿಯಲ್ಲಿ ಥಾಮಸ್ ಎಂಬ ಹೆಸರಿನವರು ಹಲವರಿದ್ದಾರೆ. ಅವರು ಎಂಥವರು, ಏನು ಮಾಡುತ್ತಿದ್ದರು ಎಂಬ ವಿವರ ಅದರಲ್ಲಿಲ್ಲ. ಗ್ರೀನ್ ಕಟ್ಟಿದ ‘ಓಲ್ಡ್ ಟಾಮ್’ ಅಂಥದ್ದೊಂದು ಹೆಸರಿಗೆ ಬಂದ ಜೀವ. ಇಂಗ್ಲೆಂಡಿನಲ್ಲಿ ಭಿಕ್ಷೆ ಬೇಡಿ ಕುಡಿಯುತ್ತಿದ್ದ ಮುದುಕ ಈತ. ನಮ್ಮ ಕಂಪನಿ ಭಾಷೆಯಲ್ಲಿ ಹೇಳಬೇಕೆಂದರೆ ಹಾಸ್ಯಪಾರ್ಟು. ಅವನ ಬೆನ್ನು ಬಿಡದ ಅಗೋನಾ ಎಂಬ ಮೂಲನಿವಾಸಿ ಹೆಣ್ಣು, ಅವಳಿಂದ ಅವನು ತಪ್ಪಿಸಿಕೊಳ್ಳುವ ಪರಿ, ಇವೇ ಜನರನ್ನು ನಗಿಸುವ ಸನ್ನಿವೇಶಗಳು. ಆಟ ಮುಂದುವರಿದಂತೆ ಹಸಿವು, ಚಳಿ, ಸಾವು ವಸಾಹತನ್ನು ಮುತ್ತುತ್ತವೆ. ಆಗ ಕೋಟೆಯ ರಾತ್ರಿ ಕಾವಲು ಟಾಮ್‌ಗೆ ಬೀಳುತ್ತದೆ. ಎಲ್ಲರೂ ಮಲಗಿದ್ದಾರೆ, ಬಂದೂಕು ಹಿಡಿದ ಮುದುಕನೊಬ್ಬನೇ ಎಚ್ಚರ. ತನ್ನೂರಿನಲ್ಲಿ ಯಾರಿಗೂ ಬೇಡವಾಗಿದ್ದ ತಾನು ಈ ಕಾಡಿನಂಚಿನಲ್ಲಿ ನಾಲ್ಕು ಜನಕ್ಕೆ ಬೇಕಾದವನಾದೆನಲ್ಲ ಎಂದು ಅವನು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತಿಗೆ, ಅದುವರೆಗೆ ನಗುತ್ತಿದ್ದ ಸಭೆ ತಣ್ಣಗಾಗುತ್ತದೆ.

ರಾಜಪಾರ್ಟಿನ ಸ್ಥಾನದಲ್ಲಿ ಮೇಲ್ನೋಟಕ್ಕೆ ರಾಲಿ ಇದ್ದಾನೆ. ರಾಣಿ ಎಲಿಜಬೆತ್ ಇದ್ದಾಳೆ. ದರ್ಬಾರಿನ ವೈಭವವೆಲ್ಲ ಇವರಿಬ್ಬರ ಪಾಲು. ಆದರೆ ಚರಿತ್ರೆಯ ರಾಲಿ ಈ ನೆಲಕ್ಕೆ ಕಾಲಿಟ್ಟವನೇ ಅಲ್ಲ, ರಾಣಿಯೂ ಅಷ್ಟೇ. ಹಾಗಾಗಿ ದ್ವೀಪದ ಕಥೆಗೆ ಬೇರೊಬ್ಬ ನಾಯಕ ಬೇಕಾದ. ಅವನೇ ಜಾನ್ ಬೋರ್ಡನ್. ಇನ್ನೊಬ್ಬರ ಹೊಲ ಉಳುವ ಸಾಮಾನ್ಯ, ಗವರ್ನರ್ ಮಗಳು ಎಲೆನಾರ್ ಮೇಲೆ ಮನಸ್ಸಿಟ್ಟವನು. ಅವಳ ಮದುವೆಯಾಗುವುದು ಕ್ಯಾಪ್ಟನ್ ಅನನಾಯಸ್ ಡೇರ್ ಜೊತೆ. ದಾಳಿಯೊಂದರಲ್ಲಿ ಕ್ಯಾಪ್ಟನ್ ಮಡಿಯುತ್ತಾನೆ, ಮುಂದಾಳುತನ ಬೋರ್ಡನ್ ಹೆಗಲಿಗೆ ಬರುತ್ತದೆ.

ಈ ಪ್ರೇಮಕಥೆ ಗ್ರೀನ್ ಕಟ್ಟಿದ್ದು. ದಾಖಲೆಯ ಅನನಾಯಸ್ ಡೇರ್ ಲಂಡನ್ನಿನಲ್ಲಿ ಹೆಂಚು ಹೊದಿಸುವ, ಇಟ್ಟಿಗೆ ಕಟ್ಟುವ ಕಸುಬಿನವನು. ಅವನೇ ದುಡಿಯುವ ವರ್ಗದವ. ನಾಟಕ ಅವನನ್ನು ಮೇಲಿನ ಮೆಟ್ಟಿಲಿಗೆ ಏರಿಸಿ, ಕೆಳಗಿನ ಮೆಟ್ಟಿಲನ್ನು ಬೋರ್ಡನ್‌ಗೆ ಬಿಟ್ಟುಕೊಟ್ಟಿದೆ. 1937ರಲ್ಲಿ ಬೆಂಚಿನ ಮೇಲೆ ಕೂತಿದ್ದ ಕೆಲಸವಿಲ್ಲದ ಜನಕ್ಕೆ ಬೇಕಿದ್ದದ್ದು ತಮ್ಮಂಥವನೊಬ್ಬ ನಾಯಕ. ಐತಿಹಾಸಿಕ ನಾಟಕದ ಪಾತ್ರಕ್ಕೆ ಎರಡು ಇಸವಿಗಳಿರುತ್ತವೆ: ಕಥೆ ನಡೆದದ್ದು ಒಂದು, ನಾಟಕ ಬರೆದದ್ದು ಇನ್ನೊಂದು. ಬೋರ್ಡನ್ ಪೂರ್ತಿಯಾಗಿ ಎರಡನೆಯದಕ್ಕೆ ಸೇರಿದವನು.

ಇವರೆಲ್ಲರನ್ನೂ ಹೊಲಿದು ನಿಲ್ಲಿಸುವವನು ‘ಚರಿತ್ರೆಕಾರ’ ಎಂಬ ಪಾತ್ರಧಾರಿ. ಯಕ್ಷಗಾನದ ಭಾಗವತನಂತೆ ಕಥೆ ನಡೆಸುತ್ತಾನೆ. ಅವನಿಗೆ ಒತ್ತಾಗಿ ಹಾಡುವ ಮೇಳವಿದೆ. ಹಳೆಯ ಇಂಗ್ಲಿಷ್ ಲಾವಣಿಗಳು, ಚರ್ಚಿನ ಸ್ತುತಿಗಳು, ಕ್ರಿಸ್‌ಮಸ್ ಹಾಡುಗಳು ಮೇಳದ ಬಂಡವಾಳ.

ಯಾರಿಗೆ ಯಾವ ಪಾರ್ಟು

ನೂರರ ಆಸುಪಾಸು ಜನ ಬೇಕಾಗುವ ಆಟ ಇದು. ಅಷ್ಟು ಮಂದಿಯನ್ನು ಪುಟ್ಟ ಊರೊಂದು ತನ್ನೊಳಗಿಂದಲೇ ಹೊಂದಿಸಲಾರದು. ಓಬರಾಮರ್ಗಾವ್‌ನ ಕಟ್ಟುಪಾಡು ಇಲ್ಲಿ ಮೊದಲಿನಿಂದಲೂ ಇರಲಿಲ್ಲ. ಮುಖ್ಯ ಪಾತ್ರಗಳಿಗೆ, ಕುಣಿತಕ್ಕೆ, ಮೇಳಕ್ಕೆ ಹೊರಗಿನಿಂದ ಯುವ ಕಲಾವಿದರು ಬರುತ್ತಾರೆ. ಹೆಚ್ಚಿನವರು ಕಾಲೇಜಿನಲ್ಲಿ ರಂಗಶಿಕ್ಷಣ ಪಡೆಯುತ್ತಿರುವವರು. ಒಂದು ಬೇಸಿಗೆಯ ಸಂಬಳ, ಉಳಿಯಲು ಜಾಗ, ಭಾನುವಾರ ಬಿಟ್ಟರೆ ದಿನವೂ ಆಟ. ಇಂಥ ಬಯಲು ನಾಟಕಗಳು ದೇಶದ ಬೇರೆ ಬೇರೆ ಕಡೆ ಹುಟ್ಟಿಕೊಂಡಂತೆ ಅವಕ್ಕೆಲ್ಲ ಒಟ್ಟಾಗಿ ನಟರನ್ನು ಆರಿಸುವ ಏರ್ಪಾಡೂ ಬಂತು. 1963ರಲ್ಲಿ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿ ಶುರುವಾದ ಬಯಲು ನಾಟಕ ಸಂಸ್ಥೆ ಈ ಕೆಲಸ ನಡೆಸಿತು.

ಮೆಟ್ಟಿಲು ಹತ್ತುವುದಕ್ಕೂ ಇಲ್ಲಿ ದಾರಿಯಿದೆ. 1947ರಲ್ಲಿ ಆಂಡಿ ಗ್ರಿಫಿತ್ ಎಂಬ ಹುಡುಗ ಸಣ್ಣ ಪಾತ್ರವೊಂದಕ್ಕೆ ಸೇರಿಕೊಂಡ. 1949ರಿಂದ 1953ರವರೆಗೆ ಅವನೇ ವಾಲ್ಟರ್ ರಾಲಿ. ಅವನ ಹೆಂಡತಿ ಬಾರ್ಬರಾ ಎಡ್ವರ್ಡ್ಸ್ ಎಲೆನಾರ್ ಡೇರ್ ಪಾತ್ರ ಮಾಡಿದಳು. ಮುಂದೆ ಟಿವಿಯಲ್ಲಿ ಮನೆಮಾತಾದ ಗ್ರಿಫಿತ್ ಈ ದ್ವೀಪವನ್ನು ಬಿಡಲಿಲ್ಲ. ಇಲ್ಲೇ ಮನೆ ಮಾಡಿದರು, 2012ರಲ್ಲಿ ಇಲ್ಲೇ ತೀರಿಕೊಂಡರು.

ಊರಿನವರ ಪಾಲು ಬೇರೆ ತರಹದ್ದು. ವಲಸಿಗ ಸಂಸಾರಗಳ ಮಕ್ಕಳಾಗಿ ರಂಗಕ್ಕೆ ಬಂದವರು ದೊಡ್ಡವರಾಗಿ ಅದೇ ರಂಗದಲ್ಲಿ ಬೇರೆ ಪಾತ್ರ ಹಿಡಿದದ್ದುಂಟು, ಆಮೇಲೆ ತಮ್ಮ ಮಕ್ಕಳನ್ನು ಕರೆತಂದದ್ದೂ ಉಂಟು. ಇಡೀ ನಾಟಕದ ಅತಿ ಚಿಕ್ಕ ಪಾತ್ರಧಾರಿಯೂ ಊರಿನ ಕಡೆಯಿಂದಲೇ ಬರುತ್ತದೆ. ಆಗಸ್ಟ್ 18ರ ರಾತ್ರಿ ಸುತ್ತಲಿನ ಮನೆಗಳ ಕೂಸುಗಳನ್ನು ಆರಿಸಿ ವರ್ಜೀನಿಯಾ ಡೇರ್ ಮಾಡುತ್ತಾರೆ. ಉಳಿದ ರಾತ್ರಿಗಳ ಗೊಂಬೆಯಾದರೆ ಹೇಳಿದ ಹಾಗೆ ಮಲಗಿರುತ್ತದೆ. ದೀಪದ ಬೆಳಕು, ಮೇಳದ ದನಿ, ಅಪರಿಚಿತೆಯ ತೋಳು, ಇವಕ್ಕೆ ನಿಜವಾದ ಕೂಸು ಏನು ಮಾಡೀತೆಂದು ಯಾವ ನಿರ್ದೇಶಕನೂ ಹೇಳಲಾರ.

ಬಳಿದ ಬಣ್ಣ ಮತ್ತು ಅದರ ಲೆಕ್ಕ

ಇಷ್ಟೆಲ್ಲ ಹಂಚಿಕೆಯಲ್ಲಿ ಒಂದು ಗುಂಪಿಗೆ ಮಾತ್ರ ಪಾಲು ಸಿಕ್ಕಿರಲಿಲ್ಲ. ಮ್ಯಾಂಟಿಯೊ, ವಾಂಚೀಸ್, ಅಗೋನಾ, ಅರಸ ವಿಂಜಿನಾ, ಇವರ ಪಾತ್ರಗಳನ್ನು ದಶಕಗಳ ಕಾಲ ಮಾಡಿದವರು ಹೆಚ್ಚಾಗಿ ಬಿಳಿಯರು, ಮೈಗೆ ಕಂದು ಬಣ್ಣ ಬಳಿದುಕೊಂಡು. ವೇಷಭೂಷಣಕ್ಕೆ ವೈಟ್‌ನ ಚಿತ್ರಗಳು ಆಧಾರವಾದವು. ಆ ಚಿತ್ರಗಳೊಳಗಿನ ಜನರ ಕಡೆಯವರನ್ನು ಕರೆಯುವ ಯೋಚನೆ ಬರಲಿಲ್ಲ. ವಾಂಚೀಸ್ ಕಡೆಯವರ ಕೋಪಕ್ಕೆ ಚರಿತ್ರೆಯಲ್ಲಿ ಕಾರಣವಿದೆ. 1586ರಲ್ಲಿ, ಮೊದಲು ಬಂದಿದ್ದ ಇಂಗ್ಲಿಷ್ ತುಕಡಿಯ ಮುಖ್ಯಸ್ಥ ರಾಲ್ಫ್ ಲೇನ್‌ನ ಸಿಪಾಯಿಗಳು ವಿಂಜಿನಾನ ತಲೆ ಕಡಿದಿದ್ದರು. ರಂಗದ ಮೇಲೆ ಕಂಡದ್ದು ಹೆಚ್ಚಾಗಿ ಖಳನ ಕೋಪ.

ಇದು ಈ ಒಂದೇ ನಾಟಕದ ಕಥೆಯಲ್ಲ. ಅದೇ ರಾಜ್ಯದ ಚೆರೋಕಿ ಎಂಬ ಊರಿನಲ್ಲಿ 1950ರಿಂದ ನಡೆಯುತ್ತಿರುವ ‘ಅಂಟು ದೀಸ್ ಹಿಲ್ಸ್’ ನಾಟಕ ಚೆರೋಕಿ ಜನರದ್ದೇ ಕಥೆ. ಅಲ್ಲೂ ಬಹುಕಾಲ ಮುಖ್ಯ ಪಾತ್ರ ಹೊರಗಿನ ಬಿಳಿಯರಿಗೆ, ಗುಂಪಿನ ಪಾತ್ರ ಊರಿನವರಿಗೆ. 2006ರಲ್ಲಿ ಮೂಲನಿವಾಸಿ ನಾಟಕಕಾರ ಹನಾಯ್ ಗಯೋಗಮಾ ಅದನ್ನು ಹೊಸದಾಗಿ ಬರೆದರು.

ರೋನೋಕ್‌ನ ಸಂಗತಿಯಲ್ಲಿ ಇನ್ನೊಂದು ಗಂಟಿದೆ. ರಾಜ್ಯದ ಒಳಭಾಗದ ರೋಬ್ಸನ್ ಜಿಲ್ಲೆಯಲ್ಲಿ ಲಂಬೀ ಎಂಬ ದೊಡ್ಡ ಮೂಲನಿವಾಸಿ ಸಮುದಾಯವಿದೆ. ಕಾಣೆಯಾದ ವಲಸಿಗರು ಇವರ ಪೂರ್ವಿಕರಲ್ಲಿ ಬೆರೆತುಹೋದರು ಎಂಬ ನಂಬಿಕೆ ಹತ್ತೊಂಬತ್ತನೇ ಶತಮಾನದಲ್ಲಿ ಬಲವಾಗಿತ್ತು. 1885ರಲ್ಲಿ ರಾಜ್ಯದ ಕಾನೂನು ಇವರಿಗೆ ಕೊಟ್ಟ ಹೆಸರೇ ‘ಕ್ರೊಯಟನ್ ಇಂಡಿಯನ್ಸ್’, ಕಂಬದ ಮೇಲೆ ಕೆತ್ತಿದ್ದ ಅದೇ ಪದ. ಈ ಜನಕ್ಕೆ ರಂಗ ಹೊಸದೂ ಅಲ್ಲ. ತಮ್ಮವನೇ ಆದ ಹೆನ್ರಿ ಬೆರಿ ಲೌರಿ ಎಂಬ ಬಂಡಾಯಗಾರನ ಕಥೆಯನ್ನು ‘ಸ್ಟ್ರೈಕ್ ಅಟ್ ದಿ ವಿಂಡ್’ ಎಂಬ ಸಂಗೀತ ನಾಟಕವಾಗಿ 1976ರಿಂದ ಪೆಂಬ್ರೋಕ್ ಬಳಿ ಆಡಿದ್ದರು.

2020ರಲ್ಲಿ ಕೋವಿಡ್‌ನಿಂದಾಗಿ ರೋನೋಕ್‌ನ ಆಟ ನಿಂತಿತ್ತು. ಅದೇ ಹೊತ್ತಿಗೆ ಬಣ್ಣ ಬಳಿಯುವ ಪದ್ಧತಿಯ ವಿರುದ್ಧ ಸಹಿ ಸಂಗ್ರಹ ನಡೆಯಿತು. ನಾಟಕ ನಡೆಸುವ ಸಂಘ ಲಂಬೀ ಸಮುದಾಯದೊಂದಿಗೆ ಮಾತಿಗೆ ಕೂತಿತು. 2021ರ ಬೇಸಿಗೆಯಲ್ಲಿ ಹೊಸ ನಿರ್ದೇಶಕ, ಹೊಸ ರಂಗರೂಪದೊಂದಿಗೆ ಆಟ ಮತ್ತೆ ಶುರುವಾದಾಗ ಮೂಲನಿವಾಸಿ ಪಾತ್ರಗಳು ಮೂಲನಿವಾಸಿ ಕಲಾವಿದರ ಕೈಗೆ ಬಂದಿದ್ದವು. ಅವರಲ್ಲಿ ಹಲವರು ಲಂಬೀ ಜನ. ಕುಣಿತಗಳನ್ನೂ ಅವರೊಡನೆ ಕೂತು ಹೊಸದಾಗಿ ಕಟ್ಟಲಾಯಿತು.

ನಾಟಕದ ಕಡೆಯ ದೃಶ್ಯ ಹೀಗಿದೆ. ಬೋರ್ಡನ್, ಎಲೆನಾರ್, ಅವಳ ತೋಳಲ್ಲಿ ಮಗು, ಉಳಿದ ಸಂಸಾರಗಳು ಹಾಡುತ್ತ ಕೋಟೆ ಬಿಟ್ಟು ಕತ್ತಲೆಗೆ ನಡೆಯುತ್ತಾರೆ. ಅವರು ಹೊರಟಿರುವುದು ಕ್ರೊಯಟೋನ್ ಕಡೆಗೆ, ಮ್ಯಾಂಟಿಯೊನ ಜನರ ಆಸರೆಗೆ. ಮ್ಯಾಂಟಿಯೊ ಎಂಬ ಊರಿನ ನಾಟಕದಲ್ಲಿ ಮ್ಯಾಂಟಿಯೊನ ಪಾತ್ರ ಅವನ ಕಡೆಯವರ ಪಾಲಿಗೆ ಬರಲು ಮೊದಲ ಪ್ರಯೋಗದಿಂದ ಲೆಕ್ಕ ಹಾಕಿದರೆ 84 ವರ್ಷ ಹಿಡಿಯಿತು.