ಅಡುಗೆ ಕಟ್ಟೆಯ ಗ್ರಾನೈಟ್ ಮಂಕಾಗಿದೆಯಾ? ಪಾಲಿಶ್ ಮೆಷಿನ್ ಕರೆಸೋ ಮುಂಚೆ ಇದನ್ನ ಕೇಳಿ

ಇಯರ್‌ಫೋನ್ ಹಾಕ್ಕೊಂಡು ಪಾತ್ರೆ ತೊಳೀತಾ ಇದನ್ನ ಕೇಳ್ತಿದ್ರೆ, ಒಂದ್ಸಲ ಸಿಂಕ್ ಪಕ್ಕದ ಕಲ್ಲು ನೋಡಿ. ಹೊಸದರಲ್ಲಿ ಟ್ಯೂಬ್‌ಲೈಟ್ ಅದರಲ್ಲಿ ಕನ್ನಡಿ ಥರ ಕಾಣ್ತಿತ್ತು. ಈಗ ಬೂದಿ ಬಳಿದ ಹಾಗಿದೆ, ಅಲ್ವಾ?

ನಾನಿರೋದು ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿಯಲ್ಲಿ. ಕೈಗಾರಿಕಾ ಪ್ರದೇಶ, ಕೆಲಸಕ್ಕೆ ಬಂದವರ ಬಾಡಿಗೆ ಮನೆಗಳು ಸಾಲು ಸಾಲು. ಮನೆ ಎಷ್ಟೇ ಚಿಕ್ಕದಿರಲಿ, ಅಡುಗೆ ಕಟ್ಟೆ ಮಾತ್ರ ಗ್ರಾನೈಟ್‌ದೇ. ಮನೆ ಖಾಲಿ ಮಾಡೋ ದಿನ ಓನರ್ ಕಟ್ಟೆ ಮೇಲೆ ಕೈ ಸವರಿ, ‘ಪಾಲಿಶ್ ಹೋಗಿದೆ, ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ತೀನಿ’ ಅಂದ್ರೆ ಏನು ಹೇಳೋದು? ಇವತ್ತಿನ ವಿಷಯ ಅದೇ. ಹೊಳಪು ನಿಜವಾಗ್ಲೂ ಹೋಗಿದೆಯಾ, ಅಥವಾ ಏನಾದ್ರೂ ಅದನ್ನ ಮುಚ್ಚಿದೆಯಾ?

ಮೊದಲು ಕಲ್ಲಿನ ಬಗ್ಗೆ ಸ್ವಲ್ಪ. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ. ಆ ಹೆಸರನ್ನೇ ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಇಂಥ ಕಲ್ಲಲ್ಲಿ ಮುಖ್ಯವಾಗಿ ಇರೋದು ಎರಡು ಖನಿಜ, ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್. ಗಡಸುತನ ಅಳೆಯೋ ಮೋಸ್ ಮಾಪಕದಲ್ಲಿ ಬಳಪದ ಕಲ್ಲಿನ ಖನಿಜಕ್ಕೆ 1, ವಜ್ರಕ್ಕೆ 10. ಫೆಲ್ಡ್‌ಸ್ಪಾರ್‌ಗೆ 6, ಕ್ವಾರ್ಟ್ಜ್‌ಗೆ 7. ಸಾಮಾನ್ಯ ಸ್ಟೀಲ್ ಚಾಕು ಐದೂವರೆ ಆಸುಪಾಸು. ಅಂದ್ರೆ ಚಪಾತಿ ಲಟ್ಟಿಸಿ, ಪಾತ್ರೆ ಇಟ್ಟು ಎರಡು ಮೂರು ವರ್ಷದಲ್ಲಿ ಈ ಕಲ್ಲು ಸವೆಯೋದು ಕಷ್ಟ.

ಹಾಗಾದ್ರೆ ಮಂಕು ಎಲ್ಲಿಂದ ಬಂತು? ಬಹಳಷ್ಟು ಮನೆಗಳಲ್ಲಿ ಅದು ನಮ್ಮ ಬೋರ್‌ವೆಲ್ ನೀರಿಂದ. ಗಡಸು ನೀರು ಆರಿದಾಗ ಅದರಲ್ಲಿರೋ ಕ್ಯಾಲ್ಸಿಯಂ ಬಿಳಿ ಪದರವಾಗಿ ಕೂರುತ್ತೆ. ಇದರ ಜೊತೆಗೆ ಸೋಪು ಸೇರಿದ್ರೆ ನೊರೆ ಬದಲು ಅಂಟು ಕೆನೆ. ಅದರ ಮೇಲೆ ಒಗ್ಗರಣೆ ಎಣ್ಣೆ, ಧೂಳು. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಗೇ ಬಿಟ್ರೆ, ದಿನಾ ಒಂದು ತೆಳು ಪದರ ಸೇರಿಸಿದ ಹಾಗೆ.

ಈಗ ಮೊಬೈಲ್ ತಗೊಳ್ಳಿ, ಟಾರ್ಚ್ ಆನ್ ಮಾಡಿ. ಕಲ್ಲಿನ ಮಟ್ಟಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಡಿ. ಮೋಡದ ಥರ, ನೀರಿನ ಉಂಗುರದ ಥರ ಕಂಡ್ರೆ, ಉಗುರಲ್ಲಿ ಕೆರೆದಾಗ ಸ್ವಲ್ಪ ಪುಡಿ ಬಂದ್ರೆ ಅದು ಮೇಲಿನ ಪದರ. ಸಣ್ಣ ಸಣ್ಣ ಗೆರೆ ಕಂಡ್ರೆ ಅದು ಗೀರು. ಹಲವು ಹಸಿರು ಒರಟು ಸ್ಕ್ರಬರ್‌ಗಳಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಇರುತ್ತೆ. ಅದು ಕ್ವಾರ್ಟ್ಜ್‌ಗಿಂತಲೂ ಗಟ್ಟಿ. ಕಟ್ಟೆಯನ್ನ ದಿನಾ ಅದರಲ್ಲೇ ಉಜ್ಜಿದ್ರೆ ಹೊಳಪು ನಿಜಕ್ಕೂ ಸವೆಯುತ್ತೆ.

ಪದರ ಅಂತ ಗೊತ್ತಾದ್ರೆ ಕೆಲಸ ಸುಲಭ. ಮೂಲೆಯಲ್ಲಿ ಒಂದು ಅಡಿ ಜಾಗ ಆರಿಸ್ಕೊಳ್ಳಿ, ಇಡೀ ಕಟ್ಟೆಗೆ ಒಟ್ಟಿಗೇ ಕೈ ಹಾಕಬೇಡಿ. ಬಿಸಿ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ತೊಳೆದು, ಬರೀ ನೀರಲ್ಲಿ ಎರಡು ಸಲ ಒರೆಸಿ, ಕೊನೆಗೆ ಒಣ ಬಟ್ಟೆಯಲ್ಲಿ ತೇವ ಪೂರ್ತಿ ತೆಗೀರಿ. ಬಿಳಿ ಪದರ ಇನ್ನೂ ಕೂತಿದ್ರೆ ಅಡುಗೆ ಸೋಡಾವನ್ನ ನೀರಲ್ಲಿ ಕಲಸಿ ಮೆತ್ತಗೆ ಉಜ್ಜಿ. ಅದಕ್ಕೂ ಬಗ್ಗಲ್ಲ ಅಂದ್ರೆ ಕಲ್ಲು ಒದ್ದೆ ಇರೋವಾಗ್ಲೇ ಹೊಸ ಬ್ಲೇಡನ್ನ ಹಿಡಿಕೆಗೆ ಹಾಕಿ, ಮಲಗಿಸಿದ ಹಾಗೆ ಹಿಡಿದು ನಿಧಾನಕ್ಕೆ ಕೆರೀರಿ. ಬ್ಲೇಡ್ ಕ್ವಾರ್ಟ್ಜ್‌ಗಿಂತ ಮೆತ್ತಗೆ, ಕ್ಯಾಲ್ಸಿಯಂ ಪದರಕ್ಕಿಂತ ಗಟ್ಟಿ. ಹಾಗಾಗಿ ಪದರ ಏಳುತ್ತೆ, ಕಲ್ಲು ಉಳಿಯುತ್ತೆ. ಬೆರಳು ಹುಷಾರು!

ಟಾಯ್ಲೆಟ್ ತೊಳೆಯೋ ಆ್ಯಸಿಡ್ ಹಾಕ್ಬಹುದಾ ಅಂತ ಕೇಳ್ತೀರ. ಬೇಡ. ಮಾರ್ಕೆಟ್‌ನಲ್ಲಿ ಕಪ್ಪು ಗ್ರಾನೈಟ್ ಅಂತ ಸಿಗೋದರಲ್ಲಿ ಬಹಳಷ್ಟು ಭೂವಿಜ್ಞಾನದ ಪ್ರಕಾರ ಗ್ರಾನೈಟೇ ಅಲ್ಲ, ಡಾಲರೈಟ್ ಅಥವಾ ಗ್ಯಾಬ್ರೋ ಜಾತಿಯ ಕಲ್ಲು. ಆ್ಯಸಿಡ್‌ಗೆ ಅದು ಇನ್ನಷ್ಟು ಮಂಕಾಗ್ಬಹುದು. ಕೆಲವು ತುಕ್ಕು ತೆಗೆಯೋ ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆ್ಯಸಿಡ್ ಇರುತ್ತೆ, ಅದು ಕ್ವಾರ್ಟ್ಜನ್ನೇ ಕರಗಿಸುತ್ತೆ. ಆ್ಯಸಿಡ್ ಜೊತೆ ಬ್ಲೀಚ್ ಸೇರಿದ್ರಂತೂ ಕ್ಲೋರಿನ್ ಅನಿಲ ಬರುತ್ತೆ. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಕೊಬ್ಬರಿ ಎಣ್ಣೆ ಹಚ್ಚಿದ್ರೆ ಪಳಪಳ ಅನ್ನುತ್ತೆ ನಿಜ, ಒಂದೆರಡು ದಿನ. ಆಮೇಲೆ ಅದೇ ಎಣ್ಣೆಗೆ ಧೂಳು ಅಂಟುತ್ತೆ. ಇನ್ನೊಂದು ಗೊಂದಲ ಸೀಲರ್‌ದು. ಸೀಲರ್ ಹೊಳಪು ಕೊಡಲ್ಲ, ಕಲ್ಲಿನ ಸಣ್ಣ ರಂಧ್ರದೊಳಗೆ ಎಣ್ಣೆ, ನೀರು ಇಳಿಯದ ಹಾಗೆ ತಡೆಯುತ್ತೆ ಅಷ್ಟೇ. ಬೇಕಾ ಬೇಡ್ವಾ ಅಂತ ತಿಳಿಯೋಕೆ ಒಣ ಕಲ್ಲಿನ ಮೇಲೆ ಒಂದು ಚಮಚ ನೀರು ಬಿಟ್ಟು ಕಾಲು ಗಂಟೆ ಕಾಯಿರಿ. ಒರೆಸಿದ ಮೇಲೆ ಆ ಜಾಗ ಕಪ್ಪಗಾಗಿದ್ರೆ ಸೀಲರ್ ಬೇಕು. ಹಚ್ಚಿದ ಮೇಲೆ ಡಬ್ಬಿಯಲ್ಲಿ ಬರೆದ ಸಮಯದೊಳಗೆ ಒರೆಸಿಬಿಡಿ. ಇಲ್ಲಾಂದ್ರೆ ಮೇಲೆ ಉಳಿದ ಸೀಲರೇ ಒಣಗಿ ಇನ್ನೊಂದು ಮಂಕು ಪದರ ಆಗುತ್ತೆ.

ಕಪ್ಪು ಕಲ್ಲು ಅಲ್ಲಲ್ಲಿ ಬೂದಿ ಬಣ್ಣಕ್ಕೆ ತಿರುಗಿದ್ಯಾ? ಬಿಳಿ ಹತ್ತಿಗೆ ಅಸಿಟೋನ್, ಅಂದ್ರೆ ಕೆಲವು ನೇಲ್ ಪಾಲಿಶ್ ರಿಮೂವರ್‌ಗಳಲ್ಲಿ ಇರೋದು, ಹಾಕಿ ತೊಳೆದ ಕಲ್ಲಿನ ಮೇಲೆ ಉಜ್ಜಿ. ಸ್ಟವ್ ಉರೀತಿರ್ಬಾರದು. ಹತ್ತಿಗೆ ಕಪ್ಪು ಬಣ್ಣ ಬಂದ್ರೆ ಆ ಕಲ್ಲಿಗೆ ಡೈ ಹಾಕಿ ಮಾರಿದ್ದಾರೆ ಅಂತ ಅರ್ಥ. ಅದು ಬಾಡಿಗೆದಾರರ ತಪ್ಪಲ್ಲ.

ಇಷ್ಟೆಲ್ಲ ಆದ ಮೇಲೂ ಗೀರು ಉಳಿದಿದ್ರೆ ಆಗ ಪಾಲಿಶ್. ಗ್ರಾನೈಟ್ ಹೊಳಪು ಅಂದ್ರೆ ಬಣ್ಣ ಬಳಿಯೋದಲ್ಲ, ಮೇಲ್ಮೈಯನ್ನ ವಜ್ರದ ಪುಡಿ ಇರೋ ಪ್ಯಾಡ್‌ಗಳಿಂದ ಒರಟಿನಿಂದ ನುಣುಪಿಗೆ ಹಂತ ಹಂತವಾಗಿ ಸವೆಸೋದು. 200, 400, 800, 1500, 3000, ಹೀಗೆ. ಒಂದು ಹಂತ ಬಿಟ್ರೆ ಹಿಂದಿನ ಗೀರು ಹಾಗೇ ಉಳಿಯುತ್ತೆ.

ಇಲ್ಲೇ ನನಗೆ ಮುಖ್ಯ ಅನ್ನಿಸೋ ಮಾತು ಇರೋದು. ಗ್ರಾನೈಟ್ ಉಜ್ಜಿದಾಗ ಏಳೋ ಧೂಳಲ್ಲಿ ಸಿಲಿಕಾ ಇರುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಹೋಗಿ ಗಾಯದ ಕಲೆ ಮಾಡ್ತವೆ. ಇದೇ ಸಿಲಿಕೋಸಿಸ್. ಗುಣ ಮಾಡೋ ಔಷಧಿ ಇಲ್ಲ, ಕ್ಷಯ ಬರೋ ಅಪಾಯವೂ ಹೆಚ್ಚು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲೇ ಇದರ ಹೆಸರಿತ್ತು. ಗ್ರಾನೈಟ್‌ಗಿಂತ ಹೆಚ್ಚು ಸಿಲಿಕಾ ಇರೋ ಕೃತಕ ಕ್ವಾರ್ಟ್ಜ್ ಸ್ಲ್ಯಾಬ್‌ಗಳನ್ನ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿದ್ದು ಕೂಡ, ಅವನ್ನ ಕತ್ತರಿಸೋ ಹುಡುಗರಿಗೆ ಇದೇ ಕಾಯಿಲೆ ಬಂದಿದ್ದಕ್ಕೆ.

ನಮ್ಮ ಬೀದಿಯಲ್ಲಿ ಏನಾಗುತ್ತೆ? ಮುಖಕ್ಕೆ ಟವೆಲ್ ಸುತ್ಕೊಂಡ ಹುಡುಗ ಬರ್ತಾನೆ, ನಿಮಿಷಕ್ಕೆ 10,000 ಸುತ್ತಿಗೂ ಮೇಲೆ ತಿರುಗೋ ಕಟಿಂಗ್ ಗ್ರೈಂಡರ್‌ಗೆ ಪ್ಯಾಡ್ ಸಿಗಿಸ್ತಾನೆ, ಬಾಗಿಲು ಮುಚ್ಚಿ ಒಣಕಲ್ಲನ್ನೇ ಉಜ್ಜುತ್ತಾನೆ. ಮನೆ ತುಂಬ ಬಿಳಿ ಹೊಗೆ. ಟವೆಲ್ ಆ ಧೂಳನ್ನ ತಡೆಯಲ್ಲ. ನಮಗೆ ಅದು ಒಂದು ದಿನದ ಧೂಳು, ಅವನಿಗೆ ಪ್ರತಿದಿನದ ಉಸಿರು.

ಅದಕ್ಕೇ ಫೋನಲ್ಲೇ ಕೇಳಿ: ‘ನೀರು ಹಾಯೋ ಪಾಲಿಶರ್ ಇದೆಯಾ? ಸ್ಪೀಡ್ ಕಮ್ಮಿ ಮಾಡ್ಬಹುದಾ? ಎನ್95 ಮಾಸ್ಕ್ ಇದೆಯಾ?’ ನೀರು ಧೂಳನ್ನ ಅಲ್ಲೇ ಕಟ್ಟಿ ಹಾಕುತ್ತೆ, ಕಲ್ಲೂ ಬಿಸಿಯಾಗಲ್ಲ. ನೀರು ಮತ್ತು ಕರೆಂಟ್ ಒಟ್ಟಿಗೆ ಇರೋದ್ರಿಂದ ಮನೆಯ ಇಎಲ್‌ಸಿಬಿ ಸರಿ ಇದೆಯಾ ಅಂತ ಟೆಸ್ಟ್ ಬಟನ್ ಒತ್ತಿ ನೋಡಿ. ಒಣ ಪಾಲಿಶ್ ಮಾತ್ರ ಆಗೋದು ಅಂದ್ರೆ ಬೇಡ ಅನ್ನಿ. ಕಟ್ಟೆ ಸ್ವಲ್ಪ ಮಂಕಿದ್ರೆ ಅನ್ನ ಕೆಡಲ್ಲ.

ಹೊಳಪು ಬಂದ ಮೇಲೆ ಅದನ್ನ ಉಳಿಸೋದು ರಾತ್ರಿಯ ಅರ್ಧ ನಿಮಿಷದ ಕೆಲಸ. ಕೊನೇ ಪಾತ್ರೆ ತೊಳೆದಾದ ಮೇಲೆ ಒಣ ಬಟ್ಟೆ ತಗೊಂಡು ಕಟ್ಟೆಯ ನೀರನ್ನೆಲ್ಲ ಒರೆಸಿ. ನೀರು ಅಲ್ಲೇ ಆರದಿದ್ರೆ ಪದರ ಕೂರೋಕೆ ಜಾಗವೇ ಇಲ್ಲ. ಮನೆ ಖಾಲಿ ಮಾಡೋರು ಒಂದು ವಾರ ಮುಂಚೆಯೇ ತೊಳೆದು, ಟಾರ್ಚ್ ಬೆಳಕಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಅಡ್ವಾನ್ಸ್ ಮಾತಾಡೋವಾಗ ಬೇಕಾಗುತ್ತೆ. ಇದನ್ನ ರೂಮ್‌ಮೇಟ್‌ಗೂ ಕಳಿಸಿ, ಪಾಲಿಶ್ ಕೆಲಸ ಮಾಡೋ ಗೆಳೆಯ ಇದ್ರೆ ಅವನಿಗೆ ಮೊದಲು ಕಳಿಸಿ. ಮತ್ತೆ ಸಿಗೋಣ.