ಕಾರ್ಬನ್ ಫೈಬರ್ ವೇಷ ತೊಟ್ಟ ಹಾಳೆ

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ಸುರುಳಿ ಸುತ್ತಿಟ್ಟ ಕಪ್ಪು ಹಾಳೆಗಳನ್ನು ನೀವು ನೋಡಿರಬಹುದು. ಬೆಳಕಿಗೆ ಹಿಡಿದರೆ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಪುಟ್ಟ ಪಟ್ಟೆಗಳು ಮಿರುಗುತ್ತವೆ. ಹಾಳೆಯನ್ನು ತುಸು ತಿರುಗಿಸಿ. ಮಿರುಗುತ್ತಿದ್ದ ಪಟ್ಟೆ ಕಪ್ಪಾಗುತ್ತದೆ, ಕಪ್ಪಗಿದ್ದದ್ದು ಮಿರುಗತೊಡಗುತ್ತದೆ. ಅಂಗಡಿಯವರ ಬಾಯಲ್ಲಿ ಇದು ಕಾರ್ಬನ್ ಸ್ಟಿಕರ್. ಡ್ಯಾಶ್‌ಬೋರ್ಡಿನ ಪಟ್ಟಿ, ಗೇರಿನ ಸುತ್ತಲಿನ ಫಲಕ, ಬಾಗಿಲಿನಲ್ಲಿ ಪವರ್ ವಿಂಡೋ ಸ್ವಿಚ್‌ಗಳಿರುವ ಜಾಗ, ಹೀಗೆ ಒಳಾಂಗಣದ ಪ್ಲಾಸ್ಟಿಕ್ಕಿಗೆಲ್ಲ ಇದನ್ನು ಹೊದಿಸುತ್ತಾರೆ. ಹಾಳೆಯಲ್ಲಿ ಕಾರ್ಬನ್ ಫೈಬರಿನ ಒಂದೆಳೆಯೂ ಇರುವುದಿಲ್ಲ, ಇರುವುದು ಪಿವಿಸಿ ಪ್ಲಾಸ್ಟಿಕ್, ಅಂದರೆ ವಿನೈಲ್. ಹಾಗೆಂದು ಇದನ್ನು ಅಗ್ಗದ ನಕಲು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತೆಳ್ಳನೆಯ ಈ ಪೊರೆಯೊಳಗೆ ತುಂಬ ಬುದ್ಧಿ ಖರ್ಚಾಗಿದೆ.

ಮೊದಲು ಅಸಲಿಯನ್ನು ನೋಡೋಣ. ಕಾರ್ಬನ್ ಫೈಬರಿನ ಒಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ಸುಮಾರು ಹತ್ತನೇ ಒಂದು ಪಾಲು. ಅಂಥ 3000 ಎಳೆಗಳನ್ನು ಒಟ್ಟುಗೂಡಿಸಿ ಚಪ್ಪಟೆ ದಾರ ಮಾಡುತ್ತಾರೆ. ಆ ದಾರಗಳನ್ನು ಬಟ್ಟೆಯ ಹಾಗೆಯೇ ಹಾಸು ಹೊಕ್ಕು ಹಾಕಿ ನೇಯುತ್ತಾರೆ. ಹೊಕ್ಕಿನ ದಾರ ಎರಡು ಹಾಸಿನ ಮೇಲೆ ಹಾದು ಮುಂದಿನ ಎರಡರ ಕೆಳಗೆ ನುಸುಳುತ್ತದೆ. ಮುಂದಿನ ಸಾಲಿನಲ್ಲಿ ಇದೇ ಲೆಕ್ಕ ಒಂದು ದಾರದಷ್ಟು ಪಕ್ಕಕ್ಕೆ ಜರುಗುತ್ತದೆ. ಓರೆ ಗೆರೆ ಹುಟ್ಟುವುದು ಹೀಗೆ. ನೇಯ್ದ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಿ, ರಾಳದಲ್ಲಿ ತೋಯಿಸಿ ಬೇಯಿಸಿದರೆ ಉಕ್ಕಿನ ಐದನೇ ಒಂದು ಪಾಲು ತೂಗುವ, ತೂಕಕ್ಕೆ ಹೋಲಿಸಿದರೆ ಉಕ್ಕನ್ನು ಮೀರಿಸುವ ಗಟ್ಟಿ ವಸ್ತು ಸಿಗುತ್ತದೆ.

ಕಾರಿನ ಲೋಕಕ್ಕೆ ಇದರ ಹುಚ್ಚು ಹಿಡಿದದ್ದು 1981ರಲ್ಲಿ. ಆ ವರ್ಷ ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಮೆಕ್‌ಲಾರೆನ್ ಎಂಪಿ4/1 ಕಾರು ಪೂರ್ತಿ ಕಾರ್ಬನ್ ಫೈಬರಿನ ಒಡಲಿನೊಂದಿಗೆ ಫಾರ್ಮುಲಾ ಒನ್ ಕಣಕ್ಕಿಳಿಯಿತು. ಅಪಘಾತವಾದರೆ ಇದು ಪುಡಿಪುಡಿಯಾದೀತು ಎಂದು ಅನುಮಾನಪಟ್ಟವರಿದ್ದರು. ಅದೇ ವರ್ಷ ಇಟಲಿಯ ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಕಾರು ತಡೆಗೋಡೆಗೆ ಬಡಿದು ಎಂಜಿನ್ನೇ ಕಿತ್ತುಹೋಯಿತು. ವಾಟ್ಸನ್ ಮಾತ್ರ ಕಾರಿನಿಂದಿಳಿದು ನಡೆದು ಬಂದರು. ಅಲ್ಲಿಂದಾಚೆಗೆ ಆ ಕಪ್ಪು ನೇಯ್ಗೆ ವೇಗದ ಲಾಂಛನವಾಯಿತು. ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡ ತೇಜಸ್ ವಿಮಾನದ ಚೌಕಟ್ಟಿನ ತೂಕದಲ್ಲಿ ಶೇ. 45ರಷ್ಟು ಇಂಥ ಸಂಯುಕ್ತ ವಸ್ತುಗಳದೇ. ಆದರೆ ಬೆಲೆ, ಶ್ರಮ ಎರಡೂ ದುಬಾರಿಯಾದ್ದರಿಂದ ಸಾಮಾನ್ಯ ಕಾರಿನೊಳಗೆ ಬರುವುದು ಅದರ ನೋಟ ಮಾತ್ರ.

ಆ ನೋಟವನ್ನು ಕದಿಯುವುದು ಸುಲಭವಲ್ಲ. ಕಾಗದದ ಮೇಲೆ ಬೂದು ಕಪ್ಪು ಚೌಕ ಮುದ್ರಿಸಿದರೆ ಕಣ್ಣು ಒಪ್ಪುವುದಿಲ್ಲ. ಅಸಲಿ ದಾರದಲ್ಲಿ ಸಾವಿರಾರು ಎಳೆಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಎಳೆಗಳಿಗೆ ಅಡ್ಡವಾಗಿ ಬಿದ್ದ ಬೆಳಕು ಒಂದು ಬಗೆಯಲ್ಲಿ, ಎಳೆಗಳ ಉದ್ದಕ್ಕೂ ಬಿದ್ದ ಬೆಳಕು ಇನ್ನೊಂದು ಬಗೆಯಲ್ಲಿ ಚದುರುತ್ತದೆ. ಹಾಸು ಹೊಕ್ಕುಗಳಲ್ಲಿ ಒಂದು ಬೆಳಗಿದಾಗ ಇನ್ನೊಂದು ಮಂಕಾಗುವುದು ಇದರಿಂದ. ಒಳ್ಳೆಯ ವಿನೈಲ್ ಹಾಳೆಯ ಮೇಲೆ ಉಗುರು ಆಡಿಸಿ ನೋಡಿ, ಸಣ್ಣಗೆ ತರಿತರಿಯಾಗಿ ತಗಲುತ್ತದೆ. ಪ್ರತಿ ಪಟ್ಟೆಯೊಳಗೂ ಒತ್ತೊತ್ತಾಗಿ ಸಮಾನಾಂತರ ಗೀರುಗಳನ್ನು ಅಚ್ಚೊತ್ತಿರುತ್ತಾರೆ. ಒಂದು ಪಟ್ಟೆಯ ಗೀರು ಉದ್ದಕ್ಕಿದ್ದರೆ ಪಕ್ಕದ್ದು ಅಡ್ಡಕ್ಕೆ. ಎಳೆಗಳು ಮಾಡುವ ಕೆಲಸವನ್ನು ಗೀರುಗಳು ಮಾಡುತ್ತವೆ. ಬಣ್ಣ ಒಂದೇ ಕಪ್ಪು, ಉಳಿದದ್ದೆಲ್ಲ ಬೆಳಕಿನ ಆಟ. ಅಸಲಿ ಫಲಕದ ಮೇಲ್ಮೈ ಸಾಮಾನ್ಯವಾಗಿ ರಾಳದ ಹೊದಿಕೆಯಿಂದ ಗಾಜಿನಂತೆ ನುಣುಪಾಗಿರುತ್ತದೆ. ಅದನ್ನು ಹೋಲಲು ಗೀರಿನ ಮೇಲೊಂದು ಪಾರದರ್ಶಕ ಪದರ ಹಾಕಿದ ಹಾಳೆಗಳೂ ಬಂದಿವೆ. ಮಾರುಕಟ್ಟೆಯಲ್ಲಿ 3ಡಿ, 4ಡಿ, 5ಡಿ ಎಂದು ಕರೆಯುವುದು ಈ ಬಗೆಬಗೆಯ ಹಾಳೆಗಳನ್ನೇ. ಆ ಅಂಕಿಗಳಿಗೆ ವಿಜ್ಞಾನದ ಅಳತೆಯೇನೂ ಇಲ್ಲ.

ಇನ್ನು ಹಾಳೆಯ ಒಡಲು. ಶುದ್ಧ ಪಿವಿಸಿ ಗಡುಸು. ನೀರಿನ ಪೈಪಿನ ಹಾಗೆ ಬಗ್ಗಿಸಿದರೆ ಮುರಿಯುವ ಜಾತಿ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್ರಿಚ್ ಕಂಪನಿಯಲ್ಲಿ ವಾಲ್ಡೊ ಸೆಮನ್ ಎಂಬ ರಸಾಯನ ವಿಜ್ಞಾನಿ ಲೋಹಕ್ಕೆ ರಬ್ಬರ್ ಅಂಟಿಸುವ ದಾರಿ ಹುಡುಕುತ್ತಿದ್ದರು. ಪಿವಿಸಿಯನ್ನು ಹೆಚ್ಚು ಉಷ್ಣತೆಯಲ್ಲಿ ಕುದಿಯುವ ದ್ರಾವಕದಲ್ಲಿ ಕರಗಿಸಿ ತಣಿಸಿದಾಗ ಅವರ ಕೈಗೆ ಅಂಟು ಸಿಗಲಿಲ್ಲ, ಮೆತ್ತಗೆ ಹಿಗ್ಗುವ ಹೊಸ ವಸ್ತು ಸಿಕ್ಕಿತು. ಉದ್ದನೆಯ ಪಿವಿಸಿ ಸರಪಳಿಗಳ ನಡುವೆ ದ್ರವದ ಅಣುಗಳು ಹೊಕ್ಕು ಕುಳಿತು, ಸರಪಳಿಗಳು ಒಂದರ ಮೇಲೊಂದು ಜಾರುವಂತೆ ಮಾಡಿದ್ದವು. ಈ ದ್ರವಗಳಿಗೆ ಪ್ಲಾಸ್ಟಿಸೈಜರ್ ಎಂದು ಹೆಸರು. ಹಾಳೆಯ ಮೃದುತ್ವವೂ ಅದರ ಆಯುಷ್ಯವೂ ಇವುಗಳ ಕೈಯಲ್ಲಿದೆ.

ಹಾಳೆ ಮಾಡುವ ದಾರಿ ಎರಡು. ಅಗ್ಗದ ದಾರಿಯಲ್ಲಿ ಬಿಸಿ ಪಿವಿಸಿ ಮುದ್ದೆಯನ್ನು ಉಕ್ಕಿನ ರೋಲರುಗಳ ನಡುವೆ ಹಿಂಡಿ ತೆಳ್ಳಗೆ ಎಳೆಯುತ್ತಾರೆ. ಎಳೆದ ಒತ್ತಡ ಹಾಳೆಯೊಳಗೇ ಉಳಿಯುತ್ತದೆ. ಬಿಸಿಲು ತಾಗಿದಾಗಲೆಲ್ಲ ಅದು ತನ್ನ ಹಳೆಯ ಆಕಾರಕ್ಕೆ ಮರಳಲು ಹವಣಿಸುತ್ತದೆ, ಅಂಚು ಕುಗ್ಗಿ ಮೇಲೇಳುತ್ತದೆ. ಇದು ಕ್ಯಾಲೆಂಡರ್ಡ್ ವಿನೈಲ್. ಎರಡನೆಯದು ಕಾಸ್ಟ್ ವಿನೈಲ್. ಇಲ್ಲಿ ದ್ರವರೂಪದ ಪಿವಿಸಿಯನ್ನು ನುಣುಪು ಹಾಸಿನ ಮೇಲೆ ಸಮನಾಗಿ ಹರಡಿ, ಒಲೆಯೊಳಗೆ ಹಾಯಿಸಿ ಗಟ್ಟಿಗೊಳಿಸುತ್ತಾರೆ. ಯಾರೂ ಎಳೆಯದೆ ಇದ್ದಲ್ಲೇ ಹುಟ್ಟಿದ ಹಾಳೆ ಇದು. ಒಳಗೆ ಒತ್ತಡ ಕಡಿಮೆ, 50 ಮೈಕ್ರಾನಿನಷ್ಟು ತೆಳ್ಳಗೂ ಮಾಡಬಹುದು, ಬಾಗು ಇರುವಲ್ಲಿ ಮೈಗೆ ಮೈಯಾಗಿ ಕೂರುತ್ತದೆ. ಬೆಲೆ ಹೆಚ್ಚು. ನನ್ನನ್ನು ಕೇಳಿದರೆ ಹಣ ಉಳಿಸಬಾರದ ಜಾಗ ಇದೊಂದೇ.

ಬಾಗು ಎಂದಾಗ ಗಣಿತ ಒಳಗೆ ಬರುತ್ತದೆ. ಮೂಸಂಬಿಗೆ ಕಾಗದ ಸುತ್ತಲು ಹೋದವರಿಗೆಲ್ಲ ಗೊತ್ತು, ಎಷ್ಟೇ ನಾಜೂಕಾಗಿ ಸುತ್ತಿದರೂ ಸುಕ್ಕು ತಪ್ಪದು. ಹಿಗ್ಗದ, ಕುಗ್ಗದ ಸಪಾಟು ಹಾಳೆಯನ್ನು ಗೋಳದ ಮೇಲೆ ಕೂರಿಸಲು ಸಾಧ್ಯವೇ ಇಲ್ಲವೆಂಬುದು 1827ರಲ್ಲಿ ಕಾರ್ಲ್ ಫ್ರೆಡ್ರಿಕ್ ಗೌಸ್ ಸಾಧಿಸಿದ ಪ್ರಮೇಯದಿಂದ ತಿಳಿಯುತ್ತದೆ. ಒಂದೇ ದಿಕ್ಕಿಗೆ ಬಾಗಿದ ಬಾಗಿಲಿನ ಪಟ್ಟಿಗೆ ಹಾಳೆ ಸಲೀಸಾಗಿ ಕೂರುತ್ತದೆ. ಎರಡೂ ದಿಕ್ಕಿಗೆ ಬಾಗಿದ ಗೇರ್ ಗುಂಡಿಗೆ ಹೊದಿಸಬೇಕಾದರೆ ಹಾಳೆ ಹಿಗ್ಗಲೇಬೇಕು. ಹಿಗ್ಗಿದಲ್ಲಿ ಚೌಕಗಳೂ ಹಿಗ್ಗುತ್ತವೆ, ಓರೆ ಗೆರೆ ಸೊಟ್ಟಗಾಗುತ್ತದೆ. ಅಸಲಿ ಬಟ್ಟೆ ಇಂಥಲ್ಲಿ ಬೇರೆಯೇ ಉಪಾಯ ಮಾಡುತ್ತದೆ: ದಾರಗಳು ಹಿಗ್ಗುವುದಿಲ್ಲ, ಹಾಸು ಹೊಕ್ಕುಗಳ ನಡುವಿನ ಕೋನ ಬದಲಾಗಿ ಚೌಕ ವಜ್ರಾಕೃತಿಯಾಗುತ್ತದೆ. ಮೂಲೆಗಳನ್ನು ದಿಟ್ಟಿಸಿ ನೋಡಿದರೆ ಅಸಲಿ ಯಾವುದು, ಹಾಳೆ ಯಾವುದು ಎಂದು ಹೇಳಬಹುದು.

ಹೊದಿಸುವ ಕೆಲಸ ಶುರುವಾಗುವುದು ಒರೆಸುವುದರಿಂದ. ಡ್ಯಾಶ್‌ಬೋರ್ಡ್ ಹೊಳೆಯಲೆಂದು ಬಳಿಯುವ ಪಾಲಿಶ್‌ಗಳಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ, ಅದರ ಮೇಲೆ ಹಾಳೆಯ ಅಂಟು ಸರಿಯಾಗಿ ನಿಲ್ಲದು. ಫಲಕವನ್ನು ಬಿಚ್ಚಿ ತೆಗೆದು ಸೋಪುನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಬೇಕು. ಹಾಳೆಯ ಹಿಂದಿರುವುದು ಒತ್ತಿದರೆ ಹಿಡಿಯುವ ಅಕ್ರಿಲಿಕ್ ಅಂಟು. ಅದು ಒಣಗುವುದಿಲ್ಲ, ತೀರಾ ನಿಧಾನವಾಗಿ ಹರಿಯುತ್ತ ಪ್ಲಾಸ್ಟಿಕ್ಕಿನ ಸೂಕ್ಷ್ಮ ಏರುತಗ್ಗುಗಳನ್ನು ತುಂಬಿಕೊಳ್ಳುತ್ತದೆ. ಒತ್ತಿದಷ್ಟೂ ಹಿಡಿತ, ದಿನ ಕಳೆದಷ್ಟೂ ಇನ್ನೂ ಬಿಗಿ. ಎಬಿಎಸ್ ಪ್ಲಾಸ್ಟಿಕ್ಕಿನ ಮೇಲೆ ಈ ಅಂಟು ಚೆನ್ನಾಗಿ ಹರಡುತ್ತದೆ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಮೇಲ್ಮೈ ಶಕ್ತಿ ಕಡಿಮೆಯಾಗಿ ಅಂಟು ಸರಿಯಾಗಿ ಹರಡದ್ದರಿಂದ ಅದರ ಅಂಚುಗಳಿಗೆ ಮೊದಲು ಪ್ರೈಮರ್ ಬಳಿಯಬೇಕಾಗುತ್ತದೆ. ಒಳ್ಳೆಯ ಹಾಳೆಯ ಅಂಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿರುತ್ತವೆ. ಸ್ಕ್ವೀಜಿ ಎಂಬ ಚಪ್ಪಟೆ ಪಟ್ಟಿಯಿಂದ ಒತ್ತಿ ಸವರಿದಾಗ ಗಾಳಿಗುಳ್ಳೆ ಆ ಕಾಲುವೆಗಳ ಮೂಲಕ ಹೊರಬೀಳುತ್ತದೆ.

ಮೂಲೆಗೆ ಬಂದಾಗ ಕೈಚಳಕ ಬೇಕು. ಕೆಲಸಗಾರ ಹೀಟ್ ಗನ್ನನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತ, ಮೆತ್ತಗಾದ ಹಾಳೆಯನ್ನು ಹೆಬ್ಬೆರಳಿನಿಂದ ಮೂಲೆಯಾಚೆಗೆ ಮಡಚುತ್ತಾನೆ. ಹೆಚ್ಚು ಕಾಯಿಸಿದರೆ ಗೀರುಗಳು ಕರಗಿ ಹಾಳೆ ಬರೀ ಕಪ್ಪಾಗಿ ಹೊಳೆಯುತ್ತದೆ, ಮಿರುಗು ಮತ್ತೆ ಬಾರದು. ತಗ್ಗು ಇರುವಲ್ಲಿ ಹಾಳೆಯನ್ನು ಬಿಗಿಯಾಗಿ ಎಳೆದು ಒಳಗೆ ತುರುಕಬಾರದು. ಸಡಿಲ ಬಿಟ್ಟು ಮೊದಲು ತಗ್ಗಿನೊಳಗೆ ಕೂರಿಸಿ, ಆಮೇಲೆ ಸುತ್ತ ಸವರಬೇಕು. ಎಲ್ಲ ಮುಗಿದ ಮೇಲೆ ಹಿಗ್ಗಿದ ಜಾಗಗಳನ್ನೆಲ್ಲ ಇನ್ನೊಮ್ಮೆ 90ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಸರಪಳಿಗಳು ಹೊಸ ಆಕಾರಕ್ಕೆ ಒಗ್ಗಿ, ಹಳೆಯದನ್ನು ಮರೆಯುವುದು ಈ ಶಾಖದಲ್ಲಿ. ಅವಸರದಲ್ಲಿ ಬಹಳಷ್ಟು ಜನ ಬಿಟ್ಟುಬಿಡುವ ಹಂತ ಇದೇ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದುಂಟು. ಕಲಬುರಗಿ, ರಾಯಚೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಖ ಕೊಟ್ಟು ಮರೆಸದ ಹಾಳೆ ಅಲ್ಲಿ ಒಂದೇ ಬೇಸಿಗೆಯಲ್ಲಿ ಅಂಚು ಬಿಡುತ್ತದೆ. ಕಳಪೆ ಹಾಳೆಯಲ್ಲಿ ಇನ್ನೊಂದು ತೊಂದರೆ: ಬಿಸಿಗೆ ಪ್ಲಾಸ್ಟಿಸೈಜರ್ ಅಂಟಿನೊಳಕ್ಕೆ ಇಳಿದು ಅದನ್ನು ಲೋಳೆ ಮಾಡುತ್ತದೆ. ಹಾಳೆ ಬಿರುಸಾಗಿ ಸಿಪ್ಪೆ ಸಿಪ್ಪೆಯಾಗಿ ಹರಿಯುತ್ತದೆ, ಅಂಟು ಫಲಕದ ಮೇಲೇ ಉಳಿದುಬಿಡುತ್ತದೆ.

ಸರಿಯಾದ ಹಾಳೆಯನ್ನು ಸರಿಯಾಗಿ ಹೊದಿಸಿದರೆ ಗೀಚಿದ, ಮಾಸಿದ ಫಲಕಕ್ಕೆ ಹೊಸ ಮೈ ಬರುತ್ತದೆ. ಬೇಡವೆನಿಸಿದಾಗ ಹದವಾಗಿ ಕಾಯಿಸಿ ನಿಧಾನವಾಗಿ ಎಳೆದರೆ ಕೆಳಗಿನ ಮೂಲ ಫಲಕ ಹಾಗೆಯೇ ಸಿಗುತ್ತದೆ. ಇದರಿಂದ ಕಾರು ಹಗುರವಾಗುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಆದರೆ ಎರಡು ಜಾಗಗಳಿಗೆ ಮಾತ್ರ ಇದನ್ನು ದಯವಿಟ್ಟು ತಾಗಿಸಬೇಡಿ. ಸ್ಟೀರಿಂಗಿನ ನಡುವೆ ಮತ್ತು ಪಕ್ಕದ ಸೀಟಿನ ಎದುರು ಎಸ್‌ಆರ್‌ಎಸ್ ಏರ್‌ಬ್ಯಾಗ್ ಎಂದು ಅಚ್ಚೊತ್ತಿದ ಮುಚ್ಚಳಗಳಿರುತ್ತವೆ. ಅಪಘಾತದಲ್ಲಿ ಸೆಕೆಂಡಿನ ಪುಟ್ಟದೊಂದು ಪಾಲಿನೊಳಗೆ ಅವು ಗೊತ್ತಾದ ಸೀಳುಗೆರೆಯಲ್ಲೇ ಹರಿದು ತೆರೆಯುವಂತೆ ಎಂಜಿನಿಯರುಗಳು ಲೆಕ್ಕ ಹಾಕಿ ಮಾಡಿರುತ್ತಾರೆ. ಹಿಗ್ಗುವ ಹಾಳೆ ಆ ಲೆಕ್ಕವನ್ನು ಕೆಡಿಸಬಹುದು. ಅಂಗಡಿಯವರು ಎಷ್ಟೇ ಒತ್ತಾಯ ಮಾಡಲಿ, ಆ ಎರಡು ಮುಚ್ಚಳಗಳನ್ನು ಕಂಪನಿಯಿಂದ ಬಂದ ಹಾಗೆಯೇ ಬಿಡಿ.