ಕಿರ್ದಿಯಿಂದ ಖಾತೆ: ಡೇಟಾಬೇಸ್ ನಕಲಿನ ಒಳಗುಟ್ಟು

ಸರ್ವರುಗಳನ್ನು ಕುರಿತ ನಮ್ಮ ಮಾತುಕತೆಯಲ್ಲಿ ಹೊತ್ತು ಸಾಲದೆ ಅರ್ಧಕ್ಕೆ ನಿಂತ ವಿಷಯವೊಂದಿತ್ತು: ಡೇಟಾಬೇಸಿನ ನಕಲು. ಬ್ಯಾಂಕಿನ ಲೆಕ್ಕ, ರೈಲಿನ ಮುಂಗಡ ಟಿಕೆಟ್ಟು, ಪರೀಕ್ಷೆಯ ಅಂಕಪಟ್ಟಿ, ಇವೆಲ್ಲ ಇರುವುದು ಎಲ್ಲೋ ಒಂದು ಸರ್ವರಿನ ಡಿಸ್ಕಿನಲ್ಲಿ. ಡಿಸ್ಕು ಎಂದಾದರೊಂದು ದಿನ ಕೆಡುವಂಥದ್ದು. ಆದ್ದರಿಂದ ಇನ್ನೊಂದು ಕಡೆ ಅದರ ನಕಲು ಇರಬೇಕು. ಇದು ಎಲ್ಲರಿಗೂ ತಿಳಿದದ್ದೇ. ಆದರೆ ನಕಲಿನಲ್ಲಿ ಎರಡು ಬಗೆಯುಂಟು, ಒಂದರ ಕೆಲಸವನ್ನು ಇನ್ನೊಂದು ಮಾಡದು ಎಂಬುದನ್ನು ತಿಳಿದವರೂ ಮರೆಯುತ್ತಾರೆ.

ಮೊದಲು ಒಂದು ಸಣ್ಣ ಲೆಕ್ಕ. 300 ಗಿಗಾಬೈಟಿನ ಡೇಟಾಬೇಸನ್ನು ಸೆಕೆಂಡಿಗೆ 60 ಮೆಗಾಬಿಟ್ ಸಾಗಿಸುವ ದಾರಿಯಲ್ಲಿ ಕಳಿಸಬೇಕೆನ್ನಿ. ಒಂದು ಬೈಟಿಗೆ ಎಂಟು ಬಿಟ್. ಗುಣಿಸಿ ಭಾಗಿಸಿದರೆ ಬರುವುದು 40,000 ಸೆಕೆಂಡು, ಅಂದರೆ ಹನ್ನೊಂದು ಗಂಟೆಗೂ ಮಿಕ್ಕಿ. ಅಷ್ಟರಲ್ಲಿ ಮೂಲದಲ್ಲಿ ಸಾವಿರಾರು ಬದಲಾವಣೆಗಳಾಗಿರುತ್ತವೆ. ಪ್ರತಿ ಸಲವೂ ಇಡಿಯಾಗಿ ನಕಲು ಮಾಡುತ್ತ ಕುಳಿತರೆ ನಕಲು ಎಂದಿಗೂ ಮೂಲವನ್ನು ಮುಟ್ಟುವುದಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಮಂಡಿ ವ್ಯಾಪಾರಿಗಳಿಗೆ ಹೊಸದೇನಲ್ಲ. ಅವರಲ್ಲಿ ಕಿರ್ದಿ ಪುಸ್ತಕ ಬೇರೆ, ಖಾತೆ ಪುಸ್ತಕ ಬೇರೆ. ದಿನದ ಪ್ರತಿ ವ್ಯವಹಾರವೂ ನಡೆದ ಕ್ರಮದಲ್ಲೇ ಮೊದಲು ಕಿರ್ದಿಗೆ ಬೀಳುತ್ತದೆ; ಆಮೇಲೆ ಅದನ್ನು ಆಯಾ ಗಿರಾಕಿಯ ಖಾತೆಗೆ ಎತ್ತಿ ಬರೆಯುತ್ತಾರೆ. ಡೇಟಾಬೇಸ್ ಮಾಡುವುದೂ ಇದನ್ನೇ. ಯಾವ ಬದಲಾವಣೆಯೇ ಆಗಲಿ, ಮೊದಲು ‘ಲಾಗ್’ ಎಂಬ ಕಡತದ ತುದಿಗೆ ಸೇರುತ್ತದೆ. ಕೋಷ್ಟಕಗಳು ತಿದ್ದುಪಡಿಯಾಗುವುದು ನಂತರ. ನಡುವೆ ಕರೆಂಟು ಹೋದರೆ ಲಾಗನ್ನು ಓದಿಕೊಂಡು ಉಳಿದ ಕೆಲಸ ಮುಗಿಸಬಹುದಲ್ಲ, ಅದಕ್ಕೆ ಈ ಏರ್ಪಾಡು. ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸಿನಲ್ಲಿ ಈ ಕಿರ್ದಿಯ ಒಂದೊಂದು ಹಾಳೆ ಸಾಮಾನ್ಯವಾಗಿ 16 ಮೆಗಾಬೈಟ್.

ಎರಡನೆಯ ಸರ್ವರಿಗೆ ಒಮ್ಮೆ ಮಾತ್ರ ಪೂರ್ಣ ಪ್ರತಿ ಕೊಟ್ಟು, ಆಮೇಲೆ ಕಿರ್ದಿಯನ್ನಷ್ಟೇ ಕಳಿಸುತ್ತಿದ್ದರೆ ಸಾಕು. ಅದು ಸಾಲು ಸಾಲಾಗಿ ಓದಿ ತನ್ನ ಖಾತೆ ತಾನೇ ಬರೆದುಕೊಳ್ಳುತ್ತದೆ. ಇದು ಪ್ರತಿರೂಪ, ಇಂಗ್ಲಿಷಿನವರ ರೆಪ್ಲಿಕಾ. ‘ತಲುಪಿತು’ ಎಂಬ ಉತ್ತರಕ್ಕೆ ಮೊದಲ ಸರ್ವರು ಕಾಯಬೇಕೋ ಬೇಡವೋ ಎಂಬುದು ಇಲ್ಲಿನ ಹಳೆಯ ಚರ್ಚೆ. ಬೆಂಗಳೂರು–ದೆಹಲಿ ನೇರ ದೂರ ಸುಮಾರು 1,740 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ. ಹೋಗಿಬರಲು ಕನಿಷ್ಠ 17 ಮಿಲಿಸೆಕೆಂಡು; ಎಷ್ಟು ದುಡ್ಡು ಸುರಿದರೂ ಇದಕ್ಕಿಂತ ಕಡಿಮೆಯಾಗದು. ಹಣದ ವ್ಯವಹಾರಕ್ಕೆ ಕಾಯುವುದೇ ಲೇಸು. ಕಾಯದಿದ್ದರೆ ಪ್ರತಿರೂಪ ಸ್ವಲ್ಪ ಹಿಂದೆ ಉಳಿಯುತ್ತದೆ, ಅಷ್ಟೆ.

ಆದರೆ ಪ್ರತಿರೂಪ ಬಹಳ ನಿಷ್ಠಾವಂತ. ‘ಈ ಕೋಷ್ಟಕವನ್ನು ಅಳಿಸು’ ಎಂದು ಮೂಲದಲ್ಲಿ ಯಾರಾದರೂ ತಪ್ಪಿ ಆಜ್ಞೆ ಕೊಟ್ಟರೆ, ಆ ಸಾಲೂ ಕಿರ್ದಿಯಲ್ಲಿ ಹೋಗಿ ಕ್ಷಣದಲ್ಲಿ ಅಲ್ಲಿಯೂ ಅಳಿಸಿಹಾಕುತ್ತದೆ. ಯಂತ್ರ ಕೆಟ್ಟರೆ ಪ್ರತಿರೂಪ ಕಾಪಾಡುತ್ತದೆ. ಮನುಷ್ಯನ ಕೈತಪ್ಪಿನಿಂದ ಕಾಪಾಡದು. ಅದಕ್ಕೆ ಬೇಕಾದ್ದು ಬ್ಯಾಕಪ್: ಹಿಂದೊಂದು ದಿನದ ಪೂರ್ಣ ಪ್ರತಿ, ಅಂದಿನಿಂದ ಇಂದಿನವರೆಗಿನ ಕಿರ್ದಿಯ ಎಲ್ಲ ಹಾಳೆಗಳು, ಎರಡನ್ನೂ ಬೇರೊಂದು ಜಾಗದಲ್ಲಿ ಜೋಪಾನವಾಗಿಡುವುದು. ಆಗ ಹಳೆಯ ಪ್ರತಿಯ ಮೇಲೆ ಕಿರ್ದಿ ಓದಿಸುತ್ತ ಬಂದು, ತಪ್ಪು ನಡೆದ ಕ್ಷಣಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಬಹುದು.

ಇದು ಪುಸ್ತಕದ ಮಾತಲ್ಲ. ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸವನ್ನಿಡುವ ಗಿಟ್‌ಲ್ಯಾಬ್ ಎಂಬ ತಾಣದಲ್ಲಿ 2017ರ ಜನವರಿ 31ರಂದು ನಡೆದದ್ದನ್ನು ನೋಡಿ. ಆ ಸಂಜೆ ಕೆಲಸದ ಹೊರೆ ಹೆಚ್ಚಿ ಪ್ರತಿರೂಪ ಹಿಂದೆ ಬಿತ್ತು. ಅದು ಓದುವ ಮೊದಲೇ ಮೂಲ ಸರ್ವರು ತನ್ನ ಹಳೆಯ ಕಿರ್ದಿ ಹಾಳೆಗಳನ್ನು ಎಸೆದುಬಿಟ್ಟಿತ್ತು. ಅವನ್ನು ಬೇರೆಡೆ ಕೂಡಿಡುವ ಏರ್ಪಾಡು ಇರಲಿಲ್ಲ. ಹೀಗಾಗಿ ಪ್ರತಿರೂಪವನ್ನು ಬರಿದು ಮಾಡಿ ಮೊದಲಿನಿಂದ ನಕಲು ಮಾಡಬೇಕಾಯಿತು. ನಕಲು ಶುರುವಾಗಲೇ ಒಲ್ಲದು. ಗ್ರೀನಿಚ್ ವೇಳೆ ರಾತ್ರಿ ಸುಮಾರು 11 ಗಂಟೆಗೆ, ದಣಿದಿದ್ದ ಎಂಜಿನಿಯರೊಬ್ಬರು ಎರಡನೆಯ ಸರ್ವರಿನಲ್ಲಿದ್ದೇನೆಂದು ತಿಳಿದು ಮೊದಲನೆಯದರಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಡೆದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ!

ದಿನವೂ ತೆಗೆಯುತ್ತಿದ್ದ ಬ್ಯಾಕಪ್ ಹುಡುಕಿದರೆ ಆ ಜಾಗ ಖಾಲಿ. ಡೇಟಾಬೇಸ್ 9.6ನೆಯ ಆವೃತ್ತಿಯದು, ಬ್ಯಾಕಪ್ ತೆಗೆಯುತ್ತಿದ್ದ ಉಪಕರಣ 9.2ರದು, ಹಾಗಾಗಿ ಅದು ದಿನವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇ-ಮೇಲ್‌ಗಳೂ ದಾರಿಯಲ್ಲೇ ತಿರಸ್ಕೃತವಾಗುತ್ತಿದ್ದವು. ಅವರನ್ನು ಉಳಿಸಿದ್ದು, ಬೇರಾವುದೋ ಪರೀಕ್ಷೆಗೆಂದು ಸುಮಾರು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಪ್ರತಿ. ಬರೀ ಅದೃಷ್ಟ. ಅದನ್ನು ನಿಧಾನದ ಡಿಸ್ಕುಗಳಿಂದ ಮರಳಿ ತರುವಷ್ಟರಲ್ಲಿ ಮರುದಿನ ಸಂಜೆ ಆರು ದಾಟಿತ್ತು. ಪ್ರೋಗ್ರಾಂಗಳು ಬೇರೆ ಕಡೆ ಇದ್ದುದರಿಂದ ಉಳಿದವು. ಆ ಕೆಲವು ಗಂಟೆಗಳಲ್ಲಿ ಸೇರಿದ್ದ ಸುಮಾರು 5,000 ಯೋಜನೆಗಳ ದಾಖಲೆ, 5,000 ಟಿಪ್ಪಣಿ, 700 ಹೊಸ ಸದಸ್ಯರ ಖಾತೆ ಹೋದವು. ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು, ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ಎಂಜಿನಿಯರರ ಹೆಸರು ಮಾತ್ರ ಹೇಳಲಿಲ್ಲ. ಎರಡೂ ಮೆಚ್ಚತಕ್ಕ ನಡತೆ ಎಂದು ನನ್ನ ಎಣಿಕೆ.

ಕಾಲೇಜಿನ ಪ್ರಯೋಗಾಲಯದಲ್ಲಿ ನೀವೂ ಇದನ್ನು ಮಾಡಿ ನೋಡಬಹುದು. ಪೋಸ್ಟ್‌ಗ್ರೆಸ್ ಹಾಕಿಕೊಂಡು, ಕಿರ್ದಿಯ ಹಾಳೆಗಳು ಇನ್ನೊಂದು ಕಂಪ್ಯೂಟರಿಗೆ ಹೋಗುವಂತೆ ಮೊದಲೇ ಏರ್ಪಾಡು ಮಾಡಿ. ಹತ್ತು ವಿದ್ಯಾರ್ಥಿಗಳ ಪಟ್ಟಿ ಬರೆದು ಪೂರ್ಣ ಪ್ರತಿ ತೆಗೆಯಿರಿ. ಇನ್ನೈದು ಹೆಸರು ಸೇರಿಸಿ, ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ, ಎರಡು ನಿಮಿಷ ಬಿಟ್ಟು ಪಟ್ಟಿಯನ್ನೇ ಅಳಿಸಿ. ಈಗ ಅದೇ ಆವೃತ್ತಿಯ ಪೋಸ್ಟ್‌ಗ್ರೆಸ್ ಇರುವ ಎರಡನೆಯ ಕಂಪ್ಯೂಟರಿನಲ್ಲಿ, ಗುರುತು ಹಾಕಿದ ಹೊತ್ತಿನವರೆಗೆ ಕಿರ್ದಿ ಓದಿಸಿ. ಹದಿನೈದು ಹೆಸರು ಬಂದರೆ ಸರಿ. ಹತ್ತೇ ಬಂದರೆ, ಹಾಳೆಗಳು ಹೋಗಬೇಕಾದ ಕಡೆ ಹೋಗಿಲ್ಲ. ಎಲ್ಲಿ ನಿಂತವೆಂದು ಅಲ್ಲಿಂದ ಹುಡುಕಬೇಕು.